ತೊರವಿಗೆ ಬಂದವರು, ತೊರವಿಯಿಂದ ಹೋದವರು

2013ರ ಜೂನ್‌ನಲ್ಲಿ ಮಸ್ಕತ್ ವಿಮಾನ ಹತ್ತಿದಾಗ ನನಗೆ ನಲವತ್ಮೂರು ವರ್ಷ. ವಿಜಯಪುರದ ಪಕ್ಕದ ತೊರವಿಯಲ್ಲಿ ನಾಲ್ಕೆಕರೆ ದ್ರಾಕ್ಷಿ ಪಡ, ಅವ್ವ, ಹೆಂಡತಿ, ಓದುವ ಇಬ್ಬರು ಮಕ್ಕಳು. ಅಪ್ಪನ ಕಾಲದ ಬಾವಿ ಬತ್ತಿ ಎರಡು ವರ್ಷವಾಗಿತ್ತು. ನಾನು ಕೊರೆಸಿದ ನಾಲ್ಕು ಬೋರ್‌ಗಳಲ್ಲಿ ಮೂರರಿಂದ ಬರೀ ಧೂಳು ಎದ್ದಿತ್ತು. ನಾಲ್ಕನೆಯದರಲ್ಲಿ ಸಿಕ್ಕ ಒಂದೂವರೆ ಇಂಚಿನ ನೀರು ಒಂದೇ ಬೇಸಿಗೆಯಲ್ಲಿ ನಿಂತುಹೋಯಿತು. ಅದಾದ ಮೇಲೆ ತಿಕೋಟಾ ಕಡೆಯಿಂದ ಟ್ಯಾಂಕರ್ ತರಿಸಿ ಬಳ್ಳಿ ಉಳಿಸಿಕೊಂಡೆ. ಆ ವರ್ಷ ತಾಸಗಾಂವದ ಪೇಟೆಗೆ ಒಯ್ದ ಮಣೂಕದ, ಅಂದರೆ ಒಣದ್ರಾಕ್ಷಿಯ, ದುಡ್ಡು ಟ್ಯಾಂಕರಿನವರಿಗೂ ಸಾಲಲಿಲ್ಲ.

ಹೊರಡುವ ದಿನ ಅವ್ವ ಕಟ್ಟೆಯ ಮೇಲೆ ಕೂತು ಕೇಳಿದಳು: “ಈ ವಯಸ್ಸಿನ್ಯಾಗ ಮಂದಿ ಮಕ್ಕಳ ಲಗ್ನದ ಲೆಕ್ಕಾ ಹಾಕ್ತಾರ. ನೀ ಎಲ್ಲಿಗಿ ಹೊಂಟಿಯೋ ತಮ್ಮಾ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಹೆಂಡತಿ ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಇಡುತ್ತಿದ್ದಳು. “ಪಡದ ಚಿಂತಿ ಬಿಡ್ರಿ, ಅದನ್ನ ನಾ ನೋಡ್ಕೋತೀನಿ” ಎಂದಷ್ಟೇ ಹೇಳಿದಳು. ಆ ಮಾತಿನ ತೂಕ ನನಗೆ ತಿಳಿದದ್ದು ಒಂಬತ್ತು ವರ್ಷಗಳ ನಂತರ.

ಅಲ್ಲಿ ನನ್ನ ಕರಾರು ಪತ್ರದಲ್ಲಿ ಇದ್ದದ್ದು ‘ಕೃಷಿ ಕಾರ್ಮಿಕ’ ಎಂಬ ಎರಡು ಪದ. ಊರಲ್ಲಿ ನನ್ನನ್ನು ‘ಗೌಡ್ರ’ ಎನ್ನುತ್ತಿದ್ದವರು, ದ್ರಾಕ್ಷಿಗೆ ರೋಗ ಬಿದ್ದರೆ ಔಷಧಿ ಕೇಳಲು ಬರುತ್ತಿದ್ದವರು ಯಾರೂ ಅಲ್ಲಿರಲಿಲ್ಲ. ಮಸ್ಕತ್‌ನಿಂದ ಒಳನಾಡಿಗೆ ಹೆಚ್ಚುಕಡಿಮೆ ಎರಡು ತಾಸಿನ ದಾರಿ ನಿಜ್ವಾ. ಒಂದು ಕಾಲಕ್ಕೆ ಒಮಾನಿನ ರಾಜಧಾನಿಯಾಗಿದ್ದ ಊರು ಅದು. ಅಲ್ಲಿನ ಒಂದು ಖರ್ಜೂರದ ತೋಟದಲ್ಲಿ ಎಲ್ಲರೂ ನನ್ನನ್ನು ಕರೆದದ್ದು ‘ರಫೀಕ್’ ಎಂದು. ಅರಬಿಯಲ್ಲಿ ಅದಕ್ಕೆ ಗೆಳೆಯ ಎಂಬ ಅರ್ಥ. ಕೊಲ್ಲಿ ದೇಶಗಳಲ್ಲಿ ಹೆಸರು ಗೊತ್ತಿಲ್ಲದ ಭಾರತದ, ಪಾಕಿಸ್ತಾನದ, ಬಾಂಗ್ಲಾದ ಕೂಲಿಯವನನ್ನೆಲ್ಲ ಕರೆಯುವುದು ಹಾಗೆಯೇ. ತಿಂಗಳಿಗೆ ನೂರ ಹತ್ತು ರಿಯಾಲ್ ಸಂಬಳ. ಆಗ ಒಂದು ರಿಯಾಲ್‌ಗೆ ನೂರೈವತ್ತು ರೂಪಾಯಿಯ ಆಸುಪಾಸು. ನನ್ನ ಮೇಲಿನವನು ಪಾಲಕ್ಕಾಡಿನ ಇಪ್ಪತ್ತೆಂಟರ ಹುಡುಗ. ಮೊದಲ ಎರಡು ತಿಂಗಳು ಒಣಗಿದ ಗರಿ ಕಡಿದು ಎಳೆದು ಹಾಕುವುದೇ ನನ್ನ ಕೆಲಸವಾಗಿತ್ತು. ಗರಿಯ ಬುಡದ ಮುಳ್ಳು ಅಂಗೈಗೆ ಚುಚ್ಚಿದರೆ ವಾರಗಟ್ಟಲೆ ಬಾವು.

ನಡುವಯಸ್ಸಿನಲ್ಲಿ ಹೊರದೇಶಕ್ಕೆ ಹೋಗುವವರಿಗೆ ಮೊದಲ ಪೆಟ್ಟು ಬೀಳುವುದು ಇಲ್ಲಿಯೇ. ಬಿಸಿಲಿಗೆ, ಊಟಕ್ಕೆ ಮೈ ಒಗ್ಗುತ್ತದೆ. ಇಪ್ಪತ್ತೈದರ ಹುಡುಗನಿಗೆ ಕಳೆದುಕೊಳ್ಳಲು ದೊಡ್ಡ ಹೆಸರೇನೂ ಇರುವುದಿಲ್ಲ. ನಲವತ್ತು ದಾಟಿದವನು ಇಪ್ಪತ್ತು ವರ್ಷ ದುಡಿದು ಕಟ್ಟಿಕೊಂಡ ಮಾನವನ್ನು ವಿಮಾನ ನಿಲ್ದಾಣದ ಆಚೆ ಇಟ್ಟು ಹೋಗಬೇಕು. ಆದರೆ ಕೈಯಲ್ಲಿ ಕುಳಿತ ಕೆಲಸವನ್ನು ಯಾರೂ ತೆಗೆದಿಟ್ಟುಕೊಳ್ಳಲಾರರು. ನನಗೆ ಅದು ತಿಳಿದದ್ದು ಮೂರನೆಯ ತಿಂಗಳಲ್ಲಿ, ಮುಚ್ಚಿಹೋದ ಒಂದು ಡ್ರಿಪ್ ಪೈಪಿನಿಂದ.

ತೋಟದ ಒಂದು ಬದಿಯ ಗಿಡಗಳು ಬಾಡುತ್ತಿದ್ದವು. ಪಂಪು ಸರಿಯಿತ್ತು, ಫಿಲ್ಟರೂ ಸರಿಯಿತ್ತು, ಆದರೂ ನೀರು ತೊಟ್ಟಿಕ್ಕುತ್ತಿರಲಿಲ್ಲ. ಪೈಪು ಹಳೆಯದಾಯಿತೆಂದು ಹೊಸದು ತರಿಸುವ ಮಾತು ನಡೆದಿತ್ತು. ನಾನು ಒಂದು ತುಂಡು ಕತ್ತರಿಸಿ ಒಳಗೆ ಬೆರಳಾಡಿಸಿ ನೋಡಿದೆ. ಬಿಳಿ ಸುಣ್ಣದ ಪದರು. ನಮ್ಮ ಗಡಸು ಬೋರ್ ನೀರು ಕುಡಿದ ಪೈಪುಗಳಲ್ಲಿ ಕಟ್ಟುವುದೂ ಅದೇ. ಆ್ಯಸಿಡ್ಡನ್ನು ಹದವಾಗಿ ನೀರಿಗೆ ಬೆರೆಸಿ ಪೈಪಿನೊಳಗೆ ಬಿಟ್ಟು, ಒಂದು ರಾತ್ರಿ ತಡೆದು, ಬೆಳಿಗ್ಗೆ ತುದಿ ಬಿಚ್ಚಿ ರಭಸವಾಗಿ ತೊಳೆದು ಬಿಡುವುದು ದ್ರಾಕ್ಷಿ ಬೆಳೆಯುವ ನಮ್ಮವರಿಗೆ ಹೊಸತಲ್ಲ. ನನಗೆ ಅರಬಿ ಬರುತ್ತಿರಲಿಲ್ಲ. ಹರಕು ಹಿಂದಿಯಲ್ಲಿ ಹುಡುಗನಿಗೆ ಹೇಳಿದೆ, ಅವನು ಮಾಲೀಕರನ್ನು ಒಪ್ಪಿಸಿದ. ಎರಡನೆಯ ದಿನ ಬೆಳಿಗ್ಗೆ ಗಿಡದ ಬುಡ ಒದ್ದೆಯಾಗಿತ್ತು. ಆ ಹುಡುಗ ನನ್ನ ಹೆಸರು ಕೇಳಿದ್ದು ಅವತ್ತೇ ಮೊದಲು. ಅಂದಿನಿಂದ ‘ಚೇಟಾ’ ಎಂದು ಕರೆದ. ಮಲಯಾಳದಲ್ಲಿ ಅಣ್ಣ ಅಂತ. ವರ್ಷದೊಳಗೆ ಗರಿ ಕಡಿಯುವುದು ತಪ್ಪಿ ಮೂರು ತೋಟಗಳ ಡ್ರಿಪ್ಪು ನನ್ನ ಕೈಗೆ ಬಂತು. ಸಂಬಳ ನೂರೆಂಬತ್ತಾಯಿತು.

ಅದೇ ಚಳಿಗಾಲದಲ್ಲಿ ಒಂದು ಶುಕ್ರವಾರ ತೋಟದ ಹಿರಿಯರೊಬ್ಬರು ನನ್ನನ್ನು ಊರ ಹೊರಗೆ ಕರೆದುಕೊಂಡು ಹೋದರು. ನೀರಿನ ಕೆಲಸ ಮಾಡುವವನು ಇದನ್ನು ನೋಡಬೇಕು ಎಂದರು. ಅದು ಫಲಜ್ ದಾರಿಸ್. ಕಲ್ಲಿನ ಕಾಲುವೆಯಲ್ಲಿ ಮೊಣಕಾಲುದ್ದದ ತಿಳಿ ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಪಂಪಿಲ್ಲ, ಕರೆಂಟಿಲ್ಲ. ಗುಡ್ಡದ ಬುಡದಲ್ಲಿ ಆಳವಾದ ತಾಯಿಬಾವಿ ತೋಡಿ, ಅಲ್ಲಿಂದ ನೆಲದೊಳಗೆ ಕಂಡೂ ಕಾಣದಷ್ಟು ಇಳಿಜಾರಿನ ಸುರಂಗ ಕೊರೆದು, ತಗ್ಗಿನ ತೋಟಗಳಿರುವಲ್ಲಿ ನೀರನ್ನು ಮೇಲೆ ತೆಗೆಯುತ್ತಾರೆ. ಸುರಂಗದ ಉದ್ದಕ್ಕೂ ಇಷ್ಟಿಷ್ಟು ದೂರಕ್ಕೊಂದು ಗವಾಕ್ಷಿಯ ಬಾವಿ. ಅಗೆದ ಮಣ್ಣು ಮೇಲೆತ್ತಲು, ಗಾಳಿಯಾಡಲು, ಮುಂದೆ ಇಳಿದು ಹೂಳು ತೆಗೆಯಲು. ಇಂಥ ಸುಮಾರು 3,000 ಫಲಜ್‌ಗಳು ಒಮಾನಿನಲ್ಲಿ ಇಂದಿಗೂ ಹರಿಯುತ್ತಿವೆ. ದಾರಿಸ್ ಸೇರಿ ಐದು ಫಲಜ್‌ಗಳನ್ನು ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನೀರನ್ನು ಅರ್ಧ ಗಂಟೆಯ ಪಾಲುಗಳಾಗಿ ಹಂಚುತ್ತಾರೆ, ಆ ಪಾಲಿಗೆ ‘ಅಥರ್’ ಎಂದು ಹೆಸರು. ಗಡಿಯಾರ ಇಲ್ಲದ ಕಾಲದಲ್ಲಿ ಹಗಲು ನೆಟ್ಟ ಕೋಲಿನ ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಪಾಲು ಎಣಿಸುತ್ತಿದ್ದರಂತೆ. ನಮ್ಮಲ್ಲಿ ಅಣ್ಣತಮ್ಮಂದಿರು ಒಂದೇ ಬಾವಿಗೆ ಪಾಳಿ ಹಚ್ಚುತ್ತಾರಲ್ಲ, ಅಲ್ಲಿ ಒಂದಿಡೀ ಊರೇ ಪಾಳಿ ಹಚ್ಚಿಕೊಂಡಿದೆ.

ನಾನು ಒಂದು ಗವಾಕ್ಷಿಯ ಬಾಯಿಗೆ ಬಗ್ಗಿ ನೋಡಿದೆ. ಕೆಳಗಿನ ಕತ್ತಲೆಯಿಂದ ತಣ್ಣನೆಯ ಗಾಳಿ ಮುಖಕ್ಕೆ ಬಂತು. ಆ ಗಾಳಿಯ ಪರಿಚಯ ನನಗಿತ್ತು. ಹತ್ತು ವರ್ಷದವನಿದ್ದಾಗ ತೊರವಿಯ ಸುರಂಗ ಬಾವಡಿಗೆ ಬಗ್ಗಿ ಕಲ್ಲು ಎಸೆದು, ‘ಗುಳುಂ’ ಎನ್ನುವ ತನಕ ನಾವು ಹುಡುಗರು ಅಂಕಿ ಎಣಿಸುತ್ತಿದ್ದೆವು. ಆಗಲೂ ಇದೇ ಗಾಳಿ. ನಮ್ಮ ಹೊಲಗಳ ಸಾಲಿನಲ್ಲಿ ಅಲ್ಲಲ್ಲಿ ಕಲ್ಲು ಕಟ್ಟಿದ ಬಾವಿಯ ಬಾಯಿಗಳಿದ್ದವು. ಅವು ಯಾತಕ್ಕೆ ಎಂದು ನಾವು ಯಾವತ್ತೂ ಕೇಳಿರಲಿಲ್ಲ. ಕೆಲವಕ್ಕೆ ಕಸ ಸುರಿಯುತ್ತಿದ್ದೆವು. ಮನೆಯ ಅಂಗಳದಲ್ಲಿದ್ದದ್ದನ್ನು ಗುರುತಿಸಲು ನಾನು ಸಮುದ್ರ ದಾಟಿ ಬರಬೇಕಾಯಿತಲ್ಲ ಎಂದು ಅವತ್ತು ಆ ಕಟ್ಟೆಯ ಮೇಲೆ ಬಹಳ ಹೊತ್ತು ಕೂತೆ. ಹಿರಿಯರು ಏನೂ ಕೇಳಲಿಲ್ಲ. ಪಕ್ಕದಲ್ಲಿ ಕೂತು ಸಣ್ಣ ಬಟ್ಟಲಿನಲ್ಲಿ ಕಾಫಿ ಬಗ್ಗಿಸಿ ಕೊಟ್ಟರು.

ತೊರವಿಯ ಸುರಂಗವೂ ಇದೇ ಕುಲದ್ದು. ನಾವು ಕರೇಜ್ ಎನ್ನುತ್ತೇವೆ, ಇರಾನಿನಲ್ಲಿ ಕನಾತ್. ಆದಿಲ್‌ಶಾಹಿಗಳ ಕಾಲದಲ್ಲಿ ತೊರವಿಯ ನೀರು ನೆಲದಡಿಯ ಈ ದಾರಿಯಲ್ಲಿ ಐದಾರು ಕಿಲೋಮೀಟರ್ ಹರಿದು ಬಿಜಾಪುರದ, ಅಂದರೆ ಇಂದಿನ ವಿಜಯಪುರದ, ಕೋಟೆಯೊಳಗೆ ಹೋಗುತ್ತಿತ್ತು. ನೀರಿನ ಒತ್ತಡ ತಗ್ಗಿಸಲು, ಹೂಳು ತಳಕ್ಕೆ ಇಳಿಯಲು ನಗರದಲ್ಲಿ ಕಟ್ಟಿದ ಗೋಪುರಗಳನ್ನು ಗಂಜ್ ಎನ್ನುತ್ತಾರೆ. ಅವುಗಳಲ್ಲಿ ಕೆಲವು ಈಗಲೂ ನಿಂತಿವೆ. ನೆಲದೊಳಗೆ ನೀರು ನಡೆಸುವ ಈ ವಿದ್ಯೆ ಹುಟ್ಟಿದ್ದು ಪರ್ಷಿಯಾದ ಒಣ ನಾಡಿನಲ್ಲಿ ಎಂದು ಬಹಳ ಜನ ಹೇಳುತ್ತಾರೆ. ಅದು ತಾನಾಗಿ ನಡೆದು ಇಲ್ಲಿಗೆ ಬರಲಿಲ್ಲ. ಬಲ್ಲವರು ತಮ್ಮ ಊರು ಬಿಟ್ಟು ಬಂದಾಗ ಅವರ ಕೈಯೊಳಗೆ ಬಂತು.

ಮಗಳು ನಮ್ಮೂರಿನಲ್ಲೇ ಇರುವ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುತ್ತಿದ್ದಳು. ಫಲಜ್ ನೋಡಿದ್ದನ್ನು ಫೋನಿನಲ್ಲಿ ಹೇಳಿದಾಗ “ಅಪ್ಪಾ, ನಿಮ್ಮಂಗ ಹೊರಗಿಂದ ದುಡಿಯಾಕ ಬಂದೋರಿಗೇ ಒಂದು ಊರು ಕಟ್ಟಿದ್ರು ಇಲ್ಲಿ. ನಮ್ಮ ತೊರವಿನೇ ಅದು” ಎಂದಳು. ಆಮೇಲೆ ಪ್ರತಿ ಸಲ ಫೋನು ಮಾಡಿದಾಗಲೂ ನಾನು ಅದನ್ನೇ ಕೇಳಿದೆ. ಊರಿಗೆ ಬಂದ ಮೇಲೆ ಅವಳ ಪುಸ್ತಕಗಳನ್ನು ನಾನೇ ಓದಿದೆ.

ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ತೊರವಿಯ ನೆಲದಲ್ಲಿ ನವರಸಪುರ ಎಂಬ ಹೊಸ ನಗರಕ್ಕೆ ಕಲ್ಲು ಇಡಿಸಿದ. ಸರಸ್ವತಿಯನ್ನೂ ಗಣಪತಿಯನ್ನೂ ನೆನೆದು ದಖ್ಖನಿಯಲ್ಲಿ ಹಾಡು ಕಟ್ಟಿದವನು, ಜಗದ್ಗುರು ಎನಿಸಿಕೊಂಡವನು ಅವನು. ಅವನ ಹಾಡುಗಳ ಪುಸ್ತಕ ‘ಕಿತಾಬ್-ಎ-ನವರಸ್’. ಸಂಗೀತಗಾರರು, ಚಿತ್ರಕಾರರು, ಕವಿಗಳು ಒಂದೆಡೆ ನೆಲೆಸಲಿ ಎಂಬ ಊರು ಅದು. ಕುಮಾರ ವಾಲ್ಮೀಕಿ ತನ್ನ ರಾಮಾಯಣವನ್ನು ಅರ್ಪಿಸಿದ ನರಸಿಂಹನ ಗುಡಿಯೂ ಇದೇ ತೊರವಿಯಲ್ಲಿದೆ. ಈ ಎರಡು ನೆನಪು ಒಂದೇ ಸಣ್ಣ ಊರಿನಲ್ಲಿ ಕೂಡಿರುವುದು ನಮ್ಮ ಭಾಗ್ಯ.

ಇಲ್ಲಿಗೆ ಬಂದವರಲ್ಲಿ ಕೆಲವರು ನನ್ನ ವಯಸ್ಸಿನವರೇ. ಚಿತ್ರಕಾರ ಫರ್ರುಖ್ ಬೇಗ್ ಇರಾನಿನವನು. ಕಾಬೂಲನ್ನು ಆಳುತ್ತಿದ್ದ ಮಿರ್ಜಾ ಹಕೀಮನ ಆಸರೆಯಲ್ಲಿದ್ದ. 1585ರಲ್ಲಿ ಹಕೀಮ ಸತ್ತಾಗ ಅನ್ನವೂ ಹೋಯಿತು, ಆಸರೆಯೂ ಹೋಯಿತು. ಆಗ ಅವನಿಗೆ ನಲವತ್ತರ ಹತ್ತಿರ. ಅಕ್ಬರನ ಆಸ್ಥಾನ ಸೇರಿದ. ಐವತ್ತು ದಾಟಿದ ಮೇಲೆ ಮತ್ತೆ ಗಂಟು ಕಟ್ಟಿ ಬಿಜಾಪುರಕ್ಕೆ ಬಂದ. ಬಿಜಾಪುರದ ಬರಹಗಳಲ್ಲಿ ಬರುವ ಫರ್ರುಖ್ ಹುಸೇನ್ ಇವನೇ ಎಂದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ತಂಬೂರಿ ನುಡಿಸುತ್ತಿರುವ ಇಬ್ರಾಹಿಂನನ್ನು ಅವನು ಬರೆದ ಚಿತ್ರ ಇಂದು ಪ್ರಾಗ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಹತ್ತು ವರ್ಷದ ಆಸುಪಾಸು ಇಲ್ಲಿದ್ದು ಜಹಾಂಗೀರನಲ್ಲಿಗೆ ಹೋದ. ಎಪ್ಪತ್ತನೆಯ ವಯಸ್ಸಿನಲ್ಲೂ ಅವನು ಚಿತ್ರ ಬರೆಯುತ್ತಿದ್ದ.

ಕವಿ ಜುಹೂರಿ ಖುರಾಸಾನಿನ ತರ್ಶೀಜ್ ಎಂಬ ಊರಿನವನು. 1580ರ ಸುಮಾರಿಗೆ ದಖ್ಖಣಕ್ಕೆ ಬಂದು ಮೊದಲು ಅಹ್ಮದ್‌ನಗರದಲ್ಲಿದ್ದ, ಆಮೇಲೆ ಬಿಜಾಪುರ ಸೇರಿದ. ದೊರೆಯ ‘ನವರಸ್’ ಪುಸ್ತಕಕ್ಕೆ ಪಾರಸಿಯಲ್ಲಿ ಮುನ್ನುಡಿ ಬರೆದವನು ಇವನೇ. ಫೆರಿಶ್ತಾ 1589ರಲ್ಲಿ ಅಹ್ಮದ್‌ನಗರದಿಂದ ಜೀವ ಉಳಿಸಿಕೊಂಡು ಬಂದ. ಬರುವಾಗ ಸೈನಿಕ. ಮುಂದೆ ಇಬ್ರಾಹಿಂ ಹೇಳಿದ್ದರಿಂದ ದಖ್ಖಣವೂ ಸೇರಿದ ಹಿಂದುಸ್ತಾನದ ಇತಿಹಾಸ ಬರೆಯಲು ಕುಳಿತ. ಇಂದಿಗೂ ಬಹಮನಿ, ಆದಿಲ್‌ಶಾಹಿ ಕಾಲದ ಬಗ್ಗೆ ಬರೆಯುವವರು ಅವನ ಪುಸ್ತಕ ತೆರೆಯದೆ ಮುಂದೆ ಹೋಗುವುದಿಲ್ಲ.

ನನಗೆ ಎಲ್ಲರಿಗಿಂತ ಹತ್ತಿರವಾದವನು ಕಾರ್ನೆಲಿಸ್ ಹೇಡಾ. ಹಾಲೆಂಡಿನ ಹಾರ್ಲೆಂ ಊರಿನ ಚಿತ್ರಕಾರ. ಪ್ರಾಗ್‌ನಲ್ಲಿ ಚಕ್ರವರ್ತಿ ರುಡಾಲ್ಫನ ಕಡೆ ಇದ್ದವನು ಪರ್ಷಿಯಾದ ಶಾಹ ಅಬ್ಬಾಸನಲ್ಲಿಗೆ ಎಂದು ಹೊರಟ. ಅಲ್ಲಿಗೆ ಮುಟ್ಟಲೇ ಇಲ್ಲ. ಗೋವೆಯಲ್ಲಿ ಪೋರ್ಚುಗೀಸರ ಕೈಗೆ ಸಿಕ್ಕ. ಅಲ್ಲಿಂದ ಪಾರಾಗಿ 1610ರ ಸುಮಾರಿಗೆ ಬಿಜಾಪುರ ಸೇರಿದ. ಇಬ್ರಾಹಿಂ ಅವನಿಗೆ ಕೆಲಸ ಕೊಟ್ಟ. ಅವನು ನವರಸಪುರದಿಂದ ತನ್ನ ದೇಶದ ವ್ಯಾಪಾರಿಗಳಿಗೆ ಕಾಗದ ಬರೆಯುತ್ತಿದ್ದ. ಹಾಗಾಗಿಯೇ ಅವನ ಕಥೆ ಉಳಿಯಿತು. ತನ್ನ ನಾಡಿಗೆ ಅವನು ಹಿಂತಿರುಗಲಿಲ್ಲ. ನಿಜ್ವಾದ ಕೋಣೆಯಲ್ಲಿ ಆರು ಜನರ ನಡುವೆ ಮಲಗಿ ಮನೆಗೆ ಏನು ಬರೆಯಲಿ, ಏನು ಮುಚ್ಚಿಡಲಿ ಎಂದು ತೂಗಿದವನು ನಾನು. ತೊರವಿಯ ಯಾವುದೋ ಕೋಣೆಯಲ್ಲಿ ಹಾರ್ಲೆಂ ನೆನೆಸಿಕೊಂಡು ಲೇಖನಿ ಹಿಡಿದವನ ಹೊಟ್ಟೆಯೊಳಗಿನ ಸಂಕಟ ನನಗೆ ಗೊತ್ತು.

ದಖ್ಖಣದಲ್ಲಿ ಹೀಗೆ ಹೊರಗಿನಿಂದ ಬಂದವರನ್ನು ‘ಗರೀಬ್’ ಎನ್ನುತ್ತಿದ್ದರು. ಆಗ ಆ ಪದಕ್ಕೆ ಬಡವ ಎಂದಲ್ಲ, ಪರದೇಶಿ ಎಂದು ಅರ್ಥ. ಅವರಲ್ಲಿ ಎಲ್ಲರೂ ಆಸ್ಥಾನದ ಕಲಾವಿದರಾಗಿರಲಿಲ್ಲ, ಎಲ್ಲರ ಬಾಳೂ ಹಸನಾಗಲಿಲ್ಲ. ನವರಸಪುರ ಕಟ್ಟಿದವನ ಅಜ್ಜನಾದ ಮೊದಲನೆಯ ಇಬ್ರಾಹಿಂ 1530ರ ದಶಕದಲ್ಲಿ ಪಟ್ಟಕ್ಕೆ ಬರುತ್ತಲೇ ಪರದೇಶಿಗಳಲ್ಲಿ ಬಹಳ ಜನರನ್ನು ಸೇವೆಯಿಂದ ತೆಗೆದು ದಖ್ಖನಿಗಳಿಗೆ ಆ ಜಾಗ ಕೊಟ್ಟಿದ್ದ. ಇದನ್ನು ಓದಿದಾಗ ನಾನು ‘ಒಮಾನೀಕರಣ’ ಎಂದುಕೊಂಡೆ. ನಮ್ಮ ಜನರಿಗೇ ಮೊದಲು ಕೆಲಸ ಎಂದು ಒಮಾನ್ ಸರ್ಕಾರ ಹಲವು ಹುದ್ದೆಗಳನ್ನು ಪರದೇಶಿಗಳಿಗೆ ಮುಚ್ಚಿದೆ. ಅದು ಅವರ ಹಕ್ಕು, ನಾನು ತಪ್ಪೆನ್ನುವುದಿಲ್ಲ. ಆದರೆ ನಲವತ್ತೈದರಲ್ಲಿ ಸಾಲ ಮಾಡಿ ಹೋದವನಿಗೆ ಒಂದೇ ಸುತ್ತೋಲೆಯಲ್ಲಿ ಎಲ್ಲ ಮುಗಿಯಬಹುದು. ನನ್ನ ಜೊತೆಗಾರರಿಬ್ಬರು ಹಾಗೆ ಊರಿಗೆ ಮರಳಿದರು.

ಮಾಲೀಕನ ಹಿಡಿತವೂ ಸಣ್ಣದಲ್ಲ. 2014ರಿಂದ ಕೆಲವು ವರ್ಷ ಹಳೆಯ ಮಾಲೀಕನ ಒಪ್ಪಿಗೆ ಪತ್ರವಿಲ್ಲದೆ ಕೆಲಸ ಬದಲಿಸುವಂತಿರಲಿಲ್ಲ. ಬಿಟ್ಟರೆ ದೇಶ ಬಿಟ್ಟು ಎರಡು ವರ್ಷ ಹೊರಗಿರಬೇಕಿತ್ತು. ದುಪ್ಪಟ್ಟು ಸಂಬಳದ ಕೆಲಸ ನನ್ನ ಬಾಗಿಲಿಗೆ ಬಂದಿದ್ದರೂ ನನಗೆ ಹೋಗಲಾಗಲಿಲ್ಲ. 2021ರ ಜನವರಿಯಿಂದ ಆ ನಿಯಮ ತೆಗೆದರು, ಕರಾರು ಮುಗಿದವನು ಒಪ್ಪಿಗೆ ಪತ್ರ ಇಲ್ಲದೆಯೂ ಬೇರೆ ಕಡೆ ಸೇರಬಹುದು. ಅಷ್ಟೊತ್ತಿಗೆ ಕೊರೊನಾದ ವರ್ಷ ಕಳೆದಿತ್ತು. ಅವ್ವ ತೀರಿಕೊಂಡಾಗ ವಿಮಾನಗಳು ನಿಂತಿದ್ದವು. ಮಣ್ಣಿಗೆ ನಾನು ಬರಲಿಲ್ಲ. ಈ ಲೆಕ್ಕವನ್ನು ಯಾವ ರಿಯಾಲಿನಲ್ಲೂ ತೀರಿಸಲಾಗುವುದಿಲ್ಲ. ಹೋಗುವವರು ಇದನ್ನೂ ತಿಳಿದೇ ಹೋಗಬೇಕು.

2022ರಲ್ಲಿ ಮರಳಿದೆ. ಮನೆಯಲ್ಲಿ ಕಂಡದ್ದು ಬೇರೆಯೇ ಲೋಕ. ಎರಡೆಕರೆ ಬಳ್ಳಿ ಹೋಗಿತ್ತು, ಉಳಿದ ಎರಡೆಕರೆ ತೊನೆದು ನಿಂತಿತ್ತು. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ನಾವು ಬಳ್ಳಿ ಕತ್ತರಿಸುವ ಎರಡೂ ಹಂಗಾಮನ್ನು ಹೆಂಡತಿ ಮುಂದೆ ನಿಂತು ಮಾಡಿಸುತ್ತಿದ್ದಳು. ಮಣೂಕದ ಶೆಡ್ಡಿನ ಲೆಕ್ಕ, ಬ್ಯಾಂಕಿನ ಕಂತು, ಸೊಸೈಟಿಯ ಮೀಟಿಂಗು ಎಲ್ಲವೂ ಅವಳದೇ. ಮೊದಲು ಹೊಲಕ್ಕೆ ಬುತ್ತಿ ತರುತ್ತಿದ್ದವಳು ಈಗ ಆಳುಗಳ ಹಾಜರಿ ಬರೆಯುತ್ತಿದ್ದಳು. ಹೊರದೇಶಕ್ಕೆ ಹೋದವರ ಕಥೆ ಎಲ್ಲರೂ ಬರೆಯುತ್ತಾರೆ. ನಡುವಯಸ್ಸಿನಲ್ಲಿ ಊರಲ್ಲೇ ಉಳಿದು ಹೊಸ ಕೆಲಸ ಕಲಿತ ಈ ಹೆಂಗಸರ ಕಥೆ ಅದಕ್ಕಿಂತ ದೊಡ್ಡದು ಎಂಬುದು ನನ್ನ ಖಚಿತ ಮಾತು. ನಾನು ಕಳಿಸಿದ ದುಡ್ಡು ಸಾಲ ತೀರಿಸಿತು, ಹೊಲ ಉಳಿಸಿದವಳು ಅವಳು.

ನೀರಿನ ಮಾತೂ ಬದಲಾಗಿದೆ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ತಿಕೋಟಾ, ಬಬಲೇಶ್ವರ ಸೀಮೆಯ ಕೆರೆಗಳಿಗೆ ಬಂದಿದೆ. ದ್ರಾಕ್ಷಿ ಮತ್ತೆ ಹಬ್ಬುತ್ತಿದೆ, ಅದರ ಜೊತೆ ಡ್ರಿಪ್ಪೂ. ನಾನೀಗ ರೈತರ ಪಡಗಳಿಗೆ ಹೋಗಿ ಡ್ರಿಪ್ ಹಚ್ಚಿ ಕೊಡುತ್ತೇನೆ, ಕಟ್ಟಿಕೊಂಡದ್ದನ್ನು ಬಿಡಿಸುತ್ತೇನೆ, ಗೊಬ್ಬರವನ್ನು ನೀರಲ್ಲೇ ಎಷ್ಟು ಬಿಡಬೇಕೆಂದು ಹೇಳುತ್ತೇನೆ. ಐವತ್ತೆರಡರಲ್ಲಿ ಮೂರನೆಯ ಸಲ ಹೊಸ ಕೆಲಸ ಹಿಡಿದೆ. ನಿಜ್ವಾದಲ್ಲಿ ಕಲಿತದ್ದರಲ್ಲಿ ಅರ್ಧ ನಮ್ಮ ಊರಿನದೇ, ಉಳಿದರ್ಧ ಖರ್ಜೂರದ ತೋಟದ್ದು.

ನನ್ನ ಹತ್ತಿರ ಈಗ ವಾರಕ್ಕೊಬ್ಬರಾದರೂ ಬರುತ್ತಾರೆ. “ಕಾಕಾ, ಹೋಗಲೇನು?” ಎಂದು ಕೇಳುತ್ತಾರೆ. ಹೋಗಬೇಡ ಎಂದು ನಾನು ಯಾರಿಗೂ ಹೇಳಿಲ್ಲ. ಪಾಸ್‌ಪೋರ್ಟ್ ತೋರಿಸು ಎನ್ನುತ್ತೇನೆ. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂದು ಇರುತ್ತದೆ. ಅಂಥವರು ಒಮಾನ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ವಲಸೆ ಇಲಾಖೆಯ ಅನುಮತಿ ಪಡೆಯಬೇಕು. ಅದು ಅಡ್ಡಿಯಲ್ಲ, ರಕ್ಷಣೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಟ್ಟಿದರೆ ಅಪಘಾತದ ಸಾವಿಗೆ, ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷದ ವಿಮೆ ಇದೆ. ಇಸಿಆರ್‌ನವರಿಗೆ ಅದು ಕಡ್ಡಾಯ. ನೋಂದಾಯಿತ ಏಜೆಂಟರು ಸೇವೆಗೆ ತೆಗೆದುಕೊಳ್ಳಬಹುದಾದ ಹಣ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅಷ್ಟೇ. ಇಂಥದೊಂದು ಮಿತಿ ಇದೆ ಎಂದೇ ಗೊತ್ತಿಲ್ಲದೆ ನಾನು ಮೊದಲ ಸಲ ಒಬ್ಬ ದಲ್ಲಾಳಿಗೆ ಅರವತ್ತು ಸಾವಿರ ಕೊಟ್ಟು ಕಳೆದುಕೊಂಡೆ. ಅವನಿಗೆ ನೋಂದಣಿಯೇ ಇರಲಿಲ್ಲ. ಪ್ರವಾಸಿ ವೀಸಾದಲ್ಲಿ ಕಳಿಸುತ್ತೇನೆ, ಅಲ್ಲಿ ಹೋದ ಮೇಲೆ ಬದಲಿಸೋಣ ಎನ್ನುವವನನ್ನು ನಂಬಲೇಬೇಡಿ.

ಆಮೇಲೆ ಅವರ ಕೈ ನೋಡುತ್ತೇನೆ. ವೆಲ್ಡಿಂಗ್ ಬರುತ್ತದೆಯೇ, ಪಂಪು ಬಿಚ್ಚಲು ಬರುತ್ತದೆಯೇ, ನಾಟಿ ಕೋಳಿ ಸಾಕಿ ಗೊತ್ತೇ, ಹೊಲಿಗೆ ಗೊತ್ತೇ. ನಲವತ್ತು ವರ್ಷ ಬದುಕಿದವನಿಗೆ ಏನಾದರೂ ಬಂದೇ ಬರುತ್ತದೆ. ಬಹಳ ಜನಕ್ಕೆ ಅದು ವಿದ್ಯೆ ಎಂದೇ ಗೊತ್ತಿರುವುದಿಲ್ಲ. ಅದನ್ನು ಕಾಗದದ ಮೇಲೆ ತರಿಸಿ, ಐಟಿಐ ಪ್ರಮಾಣಪತ್ರವೋ ಕೆಲಸ ಮಾಡಿದ ಕಡೆಯ ಪತ್ರವೋ ಯಾವುದಾದರೂ ಇರಲಿ ಎನ್ನುತ್ತೇನೆ. ನನ್ನ ಕೈಯಲ್ಲಿ ಡ್ರಿಪ್ ಕೆಲಸದ ಒಂದು ಚೀಟಿ ಇದ್ದಿದ್ದರೆ ಆ ಗರಿ ಕಡಿಯುವ ತಿಂಗಳುಗಳು ಉಳಿಯುತ್ತಿದ್ದವು.

ನವರಸಪುರ ಬಹಳ ಕಾಲ ಬಾಳಲಿಲ್ಲ. 1624ರಲ್ಲಿ ಮಲಿಕ್ ಅಂಬರನ ಸೇನೆ ಅದನ್ನು ಹಾಳು ಮಾಡಿತು. ಆ ಅಂಬರನೂ ಪರದೇಶಿಯೇ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ ದಖ್ಖಣಕ್ಕೆ ಬಂದು ಅಹ್ಮದ್‌ನಗರದ ರಾಜ್ಯಭಾರ ಹಿಡಿದವನು. ಉಳಿದದ್ದು ಸಂಗೀತ ಮಹಲಿನ ದೊಡ್ಡ ಕಮಾನುಗಳು, ನಾರಿ ಮಹಲಿನ ಗೋಡೆ, ಮುಗಿಯದ ಕೋಟೆಯ ತುಂಡುಗಳು. ಸಾಯಂಕಾಲ ನಮ್ಮೂರ ಹುಡುಗರು ಅದರ ಮುಂದೆ ಕ್ರಿಕೆಟ್ ಆಡುತ್ತಾರೆ.

ಕೆಲವು ವರ್ಷಗಳ ಹಿಂದೆ ವಿಜಯಪುರ ನಗರದ ತಾಜ್ ಬಾವಡಿ ಮತ್ತು ಇತರ ಹಳೆಯ ಬಾವಡಿಗಳ ಹೂಳು ತೆಗೆದರು. ಅದು ಒಳ್ಳೆಯ ಕೆಲಸ. ಕರೇಜಿನ ದಾರಿಗೂ ಅದೇ ಆಗಬೇಕು. ನಿಜ್ವಾದಲ್ಲಿ ಹರಿಯುವುದು ಇಲ್ಲಿ ಹರಿಯಬಾರದೆಂದೇನಿಲ್ಲ. ಹೊಲ ಇರುವವರಲ್ಲಿ ನನ್ನದು ಒಂದೇ ಬೇಡಿಕೆ: ನಿಮ್ಮ ಬದುವಿನಲ್ಲಿ ಕಲ್ಲು ಕಟ್ಟಿದ ಹಳೆಯ ಬಾವಿಯ ಬಾಯಿ ಇದ್ದರೆ ದಯವಿಟ್ಟು ಮುಚ್ಚಬೇಡಿ, ಕಸ ಸುರಿಯಬೇಡಿ. ಮತ್ತು ಹೊರದೇಶಕ್ಕೆ ಹೊರಟವರು ದುಡ್ಡು ಕೊಡುವ ಮೊದಲು ಏಜೆಂಟರ ನೋಂದಣಿ ಸಂಖ್ಯೆಯನ್ನು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿಕೊಳ್ಳಿ. ನೋಡಲು ಬಾರದಿದ್ದರೆ ಓದಿದ ಮಕ್ಕಳ ಕೈಯಲ್ಲಿ ನೋಡಿಸಿ. ಹತ್ತು ನಿಮಿಷದ ಕೆಲಸ ಅದು.